ಮಗ ಗಾಡಿಯಲ್ಲಿದ್ದಾಗ ಫೋನು ಮಾಡಿದವಳು ನಾನೇ

ತೆಂಗಿನಗರಿ · ಭಾನುವಾರ, ರಾತ್ರಿ 9:14

ನಾನು ಇಲ್ಲಿ ಬರೆಯುವುದು ಇದೇ ಮೊದಲು. ಅಡುಗೆ ವಿಭಾಗ ಓದಿಕೊಂಡು ಸುಮ್ಮನಿರುವವಳು. ಮನೆಯಲ್ಲಿ ಆಡಲಾಗದ ಮಾತನ್ನು ಇಲ್ಲಿಗೆ ತಂದಿದ್ದೇನೆ.

ನಮ್ಮದು ತುಮಕೂರಿನ ಕ್ಯಾತ್ಸಂದ್ರ. ಮಗನಿಗೆ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಕೆಲಸ, ಬೈಕಿನಲ್ಲೇ ಹೋಗಿ ಬರುತ್ತಾನೆ. ಮೂರು ವಾರದ ಹಿಂದೆ ಮನೆಯಲ್ಲಿ ಮೊಸರು ಮುಗಿದಿತ್ತು. ಬರುವಾಗ ಅರ್ಧ ಲೀಟರ್ ತಾ ಎಂದು ಹೇಳಲು ಸಂಜೆ 6:40ಕ್ಕೆ ಅವನಿಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಎತ್ತಿ "ಹೇಳಮ್ಮ" ಎಂದ. ಹಿಂದೆ ಗಾಳಿಯ ಸದ್ದು ಜೋರಾಗಿ ಕೇಳುತ್ತಿತ್ತು. "ಎಲ್ಲಿದ್ದೀಯಪ್ಪಾ" ಎಂದೆ. ಅಷ್ಟೇ. ತಗಡಿನ ಮೇಲೆ ಕಲ್ಲು ಎತ್ತಿ ಹಾಕಿದಂತೆ ಒಂದು ಸದ್ದು. ಆಮೇಲೆ ಫೋನು ಕಟ್ಟಾಗಲೇ ಇಲ್ಲ. ನಾನು ಹಲೋ ಹಲೋ ಎನ್ನುತ್ತಲೇ ಇದ್ದೆ. ಲಾರಿಗಳು ಹೋಗುವುದು ಕೇಳುತ್ತಿತ್ತು. ಕೊನೆಗೆ ಯಾರೋ ಎತ್ತಿಕೊಂಡು "ಅಮ್ಮಾ, ಇವರು ನಿಮಗೆ ಏನಾಗಬೇಕು" ಎಂದು ಕೇಳಿದರು. ಆ ಕರೆ ನನ್ನ ಮೊಬೈಲಿನಲ್ಲಿ ಇನ್ನೂ ಇದೆ, 4 ನಿಮಿಷ 11 ಸೆಕೆಂಡು. ಅಳಿಸಲು ಕೈ ಬರುತ್ತಿಲ್ಲ.

ಹಿರೇಹಳ್ಳಿ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಟ್ರಾಕ್ಟರ್ ನಿಂತಿತ್ತಂತೆ. ಟ್ರೈಲರಿನ ಹಿಂದೆ ಕೆಂಪು ದೀಪ ಇರಲಿಲ್ಲ. ಮಗನ ಬಲಗಾಲಿನ ಮೂಳೆ ಮುರಿದು ರಾಡು ಹಾಕಿದ್ದಾರೆ. ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು.

ಯಜಮಾನರು ಟ್ರಾಕ್ಟರಿನವನದೇ ತಪ್ಪು ಎನ್ನುತ್ತಾರೆ. ಮೈದುನ ಮಗನದು ಎನ್ನುತ್ತಾನೆ. ಮಗನೂ ತನ್ನದೇ ಎನ್ನುತ್ತಾನೆ. ನನ್ನದು ಎಂದು ಒಬ್ಬರೂ ಹೇಳುವುದಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿಲ್ಲ. ಫೋನು ಮಾಡಿದವರಿಗೂ ಇದರಲ್ಲಿ ಪಾಲು ಇದೆಯೋ ಇಲ್ಲವೋ? ಸಮಾಧಾನದ ಮಾತು ಬೇಡ. ಅದು ಬೇಕಾದಷ್ಟು ಸಿಕ್ಕಿದೆ.

ರೇಷ್ಮೆಗೂಡು · ರಾತ್ರಿ 9:31

ಅಕ್ಕ, ಓದಿ ಕೈಕಾಲು ಆಡಲಿಲ್ಲ. ಮಗ ಬೇಗ ಓಡಾಡುವಂತಾಗಲಿ. ನೀವು ಬೇಡ ಎಂದರೂ ಹೇಳುತ್ತೇನೆ, ಮೊಸರು ತಾ ಎನ್ನುವುದು ಪಾಪವಲ್ಲ.

ನೇರನುಡಿ · ರಾತ್ರಿ 9:40

ನಿಜ ಕೇಳಿದ್ದೀರಿ, ಹೇಳುತ್ತೇನೆ. ರಿಂಗಾಗುವುದು ಫೋನಿನ ಧರ್ಮ. ಎತ್ತುವುದು ಬಿಡುವುದು ಓಡಿಸುವವನ ಕೈಯಲ್ಲಿದೆ. ಎರಡು ಸಲ ಎತ್ತದವನು ಮೂರನೆಯ ಸಲವೂ ಸುಮ್ಮನಿರಬಹುದಿತ್ತು, ಇಲ್ಲವೇ ಪಕ್ಕಕ್ಕೆ ನಿಲ್ಲಿಸಬಹುದಿತ್ತು. ತಾಯಿ ತಪ್ಪನ್ನು ಮೈಮೇಲೆ ಎಳೆದುಕೊಂಡರೆ ಮಗ ಏನೂ ಕಲಿಯುವುದಿಲ್ಲ. ನಿಮ್ಮ ಪಾಲು ಸೊನ್ನೆ.

ಹದಿನಾಲ್ಕು ಚಕ್ರ · ರಾತ್ರಿ 10:22

ಅಮ್ಮ, ನಮಸ್ಕಾರ. 26 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಬೆಂಗಳೂರು, ಹುಬ್ಬಳ್ಳಿ, ಪುಣೆ. ಕೆಲವೊಮ್ಮೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು. ಈಗ ಶಿರಾದ ಹತ್ತಿರ ಡಾಬಾದಲ್ಲಿ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಓಡಿಸುತ್ತಾ ಬರೆಯುತ್ತಿದ್ದಾನೆ ಎಂದು ಯಾರೂ ಬೈಯಬೇಡಿ.

ಕಾರಿನಲ್ಲಿ ಓಡಾಡುವವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಲಾರಿಯ ಸೀಟು ಎತ್ತರ, ಪಕ್ಕದಲ್ಲಿ ಹೋಗುವ ಕಾರಿನವರ ಮಡಿಲು ನಮಗೆ ಕಾಣುತ್ತದೆ. ಹಗಲಾದರೆ ತೊಡೆಯ ಮೇಲಿನ ಮೊಬೈಲು, ರಾತ್ರಿಯಾದರೆ ಗದ್ದದ ಕೆಳಗಿನ ಬೆಳಕು. ಹಿಂದಿನಿಂದ ನೋಡಿದರೂ ತಿಳಿಯುತ್ತದೆ. ಗಾಡಿ ನಿಧಾನವಾಗಿ ಬಿಳಿ ಗೆರೆಯ ಕಡೆ ವಾಲುತ್ತದೆ, ಗೆರೆ ಮುಟ್ಟಿದೊಡನೆ ಯಾರೋ ಕಪಾಳಕ್ಕೆ ಹೊಡೆದಂತೆ ಒಳಕ್ಕೆ ಬರುತ್ತದೆ. ವೇಗ ಎಂಬತ್ತರಿಂದ ಅರವತ್ತಕ್ಕೆ ಇಳಿಯುತ್ತದೆ, ತಲೆ ಎತ್ತಿದ ಮೇಲೆ ಮತ್ತೆ ಎಂಬತ್ತು. ಕುಡಿದವನ ಗಾಡಿ ಹೀಗೆ ಮಾಡುವುದಿಲ್ಲ, ಅವನದು ಒಂದೇ ಸಮನಾದ ತೇಲಾಟ. ಅಂಥ ಕಾರು ಕಂಡರೆ ನಮ್ಮ ಕ್ಲೀನರ್ ಹುಡುಗ "ಅಣ್ಣ, ಓದುವವನು ಬಂದ" ಎನ್ನುತ್ತಾನೆ. ನಾವು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅವನನ್ನು ಮುಂದೆ ಬಿಟ್ಟುಬಿಡುತ್ತೇವೆ.

ಇನ್ನು ನೀವು ಕೇಳಿದ್ದಕ್ಕೆ. ನಮ್ಮ ಮಾಲೀಕರ ಮೊಬೈಲಿನಲ್ಲಿ ನನ್ನ ಲಾರಿ ಒಂದು ಚುಕ್ಕೆಯಾಗಿ ಓಡುತ್ತಿರುತ್ತದೆ. ಆ ಚುಕ್ಕೆಯನ್ನು ನೋಡಿಕೊಂಡೇ ಫೋನು ಮಾಡಿ "ಎಲ್ಲಿದ್ದೀಯಾ" ಎನ್ನುತ್ತಾರೆ. ಎತ್ತದಿದ್ದರೆ ಮಲಗಿದ್ದಾನೆ ಎಂದು ಲೆಕ್ಕ, ಬಾಡಿಗೆ ಕೊಡುವಾಗ ಮಾತು ಬರುತ್ತದೆ. ಹೊಟ್ಟೆಪಾಡಿನ ಫೋನನ್ನು ಎತ್ತದೆ ಇರುವುದು ನೇರನುಡಿಯವರು ಹೇಳಿದಷ್ಟು ಸುಲಭವಲ್ಲ. ನಾನು ಮಾಡಿಕೊಂಡಿರುವ ಉಪಾಯ ಇಷ್ಟೇ: ಎಂಜಿನ್ ಚಾಲೂ ಆದ ಮೇಲೆ ಫೋನು ಕ್ಲೀನರ್ ಜೇಬಿಗೆ. ಅವನೇ ಮಾತನಾಡುತ್ತಾನೆ. ಈಗ ಸಂಬಳ ಉಳಿಸಲು ಕ್ಲೀನರ್ ಇಲ್ಲದೆ ಲಾರಿ ಬಿಡುವವರು ಹೆಚ್ಚಾಗಿದ್ದಾರೆ, ಅವರ ಕಥೆ ಬೇರೆ.

ನಿಮ್ಮ ಪಾಲು ಇದೆ ಅಮ್ಮ. ದೊಡ್ಡದಲ್ಲ. ಮೂರನೆಯ ಸಲ ಮಾಡಿದಿರಲ್ಲ, ಅಷ್ಟು.

ತೆಂಗಿನಗರಿ · ರಾತ್ರಿ 10:41

ಅಣ್ಣ, ಇದನ್ನೇ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಒಂದು ಸಲಕ್ಕೆ ಎತ್ತದಿದ್ದರೆ ಏನೋ ಆಗಿದೆ ಎಂದೇ ನನ್ನ ಮನಸ್ಸು ಓಡುತ್ತದೆ. ಮತ್ತೆ ಮಾಡುತ್ತೇನೆ. ನನಗೆ ಭಯವಾಗಿದೆ ಎಂದು ಅವನಿಗೂ ಗೊತ್ತು, ಅದಕ್ಕೇ ಎತ್ತುತ್ತಾನೆ. ಅಂದೂ ಎತ್ತಿದ್ದು ನನ್ನ ಭಯ ಇಳಿಸಲು, ಮೊಸರಿಗಾಗಿ ಅಲ್ಲ.

ಪ್ರತಿವಾದಿ · ಸೋಮವಾರ, ಬೆಳಿಗ್ಗೆ 7:50

ಮಗನಿಗೆ ಹೀಗಾದದ್ದಕ್ಕೆ ಬೇಸರವಿದೆ. ಆದರೆ ಎಲ್ಲದಕ್ಕೂ ಮೊಬೈಲನ್ನು ಗಲ್ಲಿಗೇರಿಸುವುದನ್ನು ಒಪ್ಪಲಾರೆ. ಕೈಯಲ್ಲಿ ಹಿಡಿಯುವುದು ಖಂಡಿತ ತಪ್ಪು. ನಾನು 12 ವರ್ಷದಿಂದ ಕಾರಿನ ಬ್ಲೂಟೂತ್‌ನಲ್ಲಿ ಮಾತನಾಡುತ್ತಿದ್ದೇನೆ, ಒಂದು ಗೀರೂ ಬಿದ್ದಿಲ್ಲ. ಕೈ ಸ್ಟಿಯರಿಂಗ್ ಮೇಲಿದೆ, ಕಣ್ಣು ರಸ್ತೆಯ ಮೇಲಿದೆ. ಪಕ್ಕದ ಸೀಟಿನವರ ಜೊತೆ ನಾವು ಮಾತನಾಡುವುದಿಲ್ಲವೇ? ಹಿಂದೆ ಮಕ್ಕಳು ಕಿತ್ತಾಡುವುದಿಲ್ಲವೇ? 2018ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟೇ ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತನಾಡಿದ ಮಾತ್ರಕ್ಕೆ ಪೊಲೀಸ್ ಕಾಯ್ದೆಯಡಿ ಅಪರಾಧವಾಗುವುದಿಲ್ಲ, ಜನರಿಗೆ ಅಪಾಯವಾಗಬೇಕು ಎಂದಿತ್ತು.

ಮಗ್ಗಿ ಪುಸ್ತಕ · ಬೆಳಿಗ್ಗೆ 9:05

ಪ್ರತಿವಾದಿಯವರೇ, ಕೈಯ ವಿಚಾರ ಆಮೇಲೆ. ಮೊದಲು ಕಣ್ಣಿನ ಲೆಕ್ಕ ನೋಡೋಣ.

ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಅಮೆರಿಕದ ವರ್ಜೀನಿಯಾ ಟೆಕ್‌ನವರು ಲಾರಿಗಳೊಳಗೆ ಕ್ಯಾಮೆರಾ ಇಟ್ಟು ಚಾಲಕರನ್ನು ಗಮನಿಸಿ 2009ರಲ್ಲಿ ಫಲಿತಾಂಶ ಕೊಟ್ಟರು. ಸಂದೇಶ ಟೈಪು ಮಾಡುವವರ ಕಣ್ಣು ಆರು ಸೆಕೆಂಡಿನ ಅವಧಿಯಲ್ಲಿ 4.6 ಸೆಕೆಂಡು ರಸ್ತೆಯ ಮೇಲೆ ಇರಲಿಲ್ಲ. 80ರ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 102 ಮೀಟರ್ ಹೋಗಿರುತ್ತದೆ. ಊರಿನ ಸಿಟಿ ಬಸ್ಸು 12 ಮೀಟರ್ ಉದ್ದ. ಎಂಟೂವರೆ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ, ಅಷ್ಟು ದೂರ ಕಣ್ಣು ಮುಚ್ಚಿಕೊಂಡು ಓಡಿಸಲು ಹೇಳಿದರೆ ಯಾರು ಒಪ್ಪುತ್ತಾರೆ? ಆ ಚಾಲಕರಿಗೆ ಅಪಾಯ 23 ಪಟ್ಟು ಹೆಚ್ಚಿತ್ತು.

ಬ್ಲೂಟೂತ್ ವಿಚಾರ ಹೊಸದೇನಲ್ಲ. ಕೆನಡಾದ ಟೊರೊಂಟೊದಲ್ಲಿ ರೆಡೆಲ್ಮೀಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು, ಕಾರು ಗುದ್ದಿಸಿಕೊಂಡ 699 ಚಾಲಕರ ಫೋನ್ ಬಿಲ್ಲುಗಳನ್ನು ಅಪಘಾತದ ಸಮಯದೊಂದಿಗೆ ತಾಳೆ ನೋಡಿದರು. 1997ರ ಮಾತು ಇದು. ಮಾತನಾಡುತ್ತಿರುವಾಗ ಗುದ್ದುವ ಸಾಧ್ಯತೆ ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತನಾಡುವ ಫೋನಿನವರಿಗೆ ಹೆಚ್ಚಿನ ಸುರಕ್ಷತೆ ಕಾಣಲಿಲ್ಲ. ಆಗ ಮೊಬೈಲಿನಲ್ಲಿ ಮಾತನಾಡುವುದನ್ನು ಬಿಟ್ಟರೆ ಮಾಡಲು ಬೇರೆ ಏನೂ ಇರಲಿಲ್ಲ ಎನ್ನುವುದು ನೆನಪಿರಲಿ.

ಕಾರಣವನ್ನು ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಹುಡುಕಿತು. ಕೃತಕ ಕಾರಿನಲ್ಲಿ ಜನರನ್ನು ಕೂರಿಸಿ, ಅವರ ಕಣ್ಣು ಎಲ್ಲಿ ಬೀಳುತ್ತದೆ ಎಂದು ಯಂತ್ರದಿಂದ ಅಳೆದರು. ಫೋನಿನಲ್ಲಿದ್ದವರ ಕಣ್ಣು ನೇರವಾಗಿ ಬಿದ್ದಿದ್ದ ದಾರಿಬದಿಯ ಫಲಕಗಳನ್ನೂ ಆಮೇಲೆ ಅವರು ಸರಿಯಾಗಿ ಗುರುತಿಸಲಿಲ್ಲ. ನೋಡಿದ್ದರು, ಆದರೆ ಕಂಡಿರಲಿಲ್ಲ. ನಿಮ್ಮ ಕಣ್ಣು ರಸ್ತೆಯ ಮೇಲಿದೆ ಎನ್ನುವುದನ್ನು ಒಪ್ಪುತ್ತೇನೆ. ನೀವು ರಸ್ತೆಯ ಮೇಲಿದ್ದೀರಾ?

ಪಕ್ಕದ ಸೀಟಿನವರ ಬಗ್ಗೆ ನಾನು ಹೇಳುವ ಬದಲು, ಸ್ವಂತ ಕಾರಿನಲ್ಲಿ ಒಂದು ದಿನ ಗಮನಿಸಿ. ಎದುರಿಗೆ ಬಸ್ಸು ಅಡ್ಡ ಬಂದರೆ ಪಕ್ಕದವರು ಮಾತು ನಿಲ್ಲಿಸುತ್ತಾರೆ, "ನೋಡಿ, ನೋಡಿ" ಎನ್ನುತ್ತಾರೆ, ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಾರೆ. ಫೋನಿನ ಆಚೆ ಇರುವವರಿಗೆ ಬಸ್ಸು ಕಾಣುವುದಿಲ್ಲ. ಅವರು ಗೃಹಪ್ರವೇಶದ ಊಟದ ಪಟ್ಟಿಯನ್ನು ಹೇಳುತ್ತಲೇ ಇರುತ್ತಾರೆ.

ಹದಿನಾಲ್ಕು ಚಕ್ರ · ಬೆಳಿಗ್ಗೆ 9:48

ಇಲ್ಲದ ಬ್ರೇಕು ಒತ್ತುವುದು! ನನ್ನ ಹೆಂಡತಿ ಒಮ್ಮೆ ಲಾರಿಯಲ್ಲಿ ಧರ್ಮಸ್ಥಳಕ್ಕೆ ಬಂದವಳು, ಚಾರ್ಮಾಡಿ ಇಳಿಯುವಷ್ಟರಲ್ಲಿ ಅವಳ ಕಾಲು ನೋಯುತ್ತಿತ್ತು.

ಬಿಳಿ ಅಂಗಿ ನಿವೃತ್ತ · ಬೆಳಿಗ್ಗೆ 11:20

ಸಂಚಾರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು ನಾನು. ಎರಡು ಮಾತು ಸೇರಿಸುತ್ತೇನೆ.

ಕೇರಳದ ತೀರ್ಪು ಅಲ್ಲಿನ ಪೊಲೀಸ್ ಕಾಯ್ದೆಯ ಒಂದು ಸೆಕ್ಷನ್ನಿಗೆ ಸಂಬಂಧಿಸಿದ್ದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು, ಓಡಿಸುತ್ತಾ ಫೋನು ಕೈಯಲ್ಲಿ ಹಿಡಿಯುವುದು 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯೊಳಗೆ ಹೆಸರು ಹೇಳಿಯೇ ಸೇರಿತು. ಸಿಗ್ನಲ್ ಜಿಗಿಯುವುದೂ ಅದೇ ಸಾಲಿನಲ್ಲಿದೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡವೇ 10,000. ದಾರಿ ತೋರಿಸುವ ಮ್ಯಾಪಿಗೆ ಮಾತ್ರ 2020ರ ಅಕ್ಟೋಬರ್ 1ರಿಂದ ನಿಯಮದಲ್ಲಿ ಅವಕಾಶವಿದೆ, ಅದೂ ಚಾಲಕನ ಗಮನ ಕೆಡದಂತೆ.

ಇದು ಕಾಗದದ ಮಾತು. ದಂಡ ಹೆಚ್ಚಾಯಿತು ಎಂದು ಗಲಾಟೆಯಾಗಿ ನಮ್ಮ ರಾಜ್ಯ ಅದೇ 2019ರ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತರು, ವಸೂಲಿ ನೂರು ಕೋಟಿ ದಾಟಿತು. ಆಷಾಢದ ಸೀರೆ ಮಾರಾಟದ ಹಾಗೆ.

ಎರಡನೆಯದು ಮುಖ್ಯ. 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972. ಕೇಂದ್ರ ಸರ್ಕಾರದ ವರದಿಯಲ್ಲಿ ಮೊಬೈಲ್ ಬಳಕೆಯ ಲೆಕ್ಕಕ್ಕೆ ಬಿದ್ದವರು 1,040. ಅತಿವೇಗದ ಲೆಕ್ಕಕ್ಕೆ ಬಿದ್ದವರು ನೂರಕ್ಕೆ ಎಪ್ಪತ್ತರಷ್ಟು. ಇದನ್ನು ಓದಿದವರು ಮೊಬೈಲಿನಿಂದ ಅಷ್ಟೇನೂ ತೊಂದರೆಯಿಲ್ಲ ಎಂದುಕೊಳ್ಳುತ್ತಾರೆ. ಆ ಅಂಕಿ ಹುಟ್ಟುವ ಜಾಗದಲ್ಲಿ ನಾನು ಕೂತಿದ್ದೆ, ಅದಕ್ಕೇ ನನಗೆ ನಂಬಿಕೆಯಿಲ್ಲ.

ನಾವು ಸ್ಥಳಕ್ಕೆ ಹೋಗುವ ಹೊತ್ತಿಗೆ ಮೊಬೈಲು ಇಪ್ಪತ್ತು ಅಡಿ ಆಚೆ ಬಿದ್ದಿರುತ್ತದೆ, ಇಲ್ಲವೇ ಯಾರೋ ಎತ್ತಿ ಗಾಯಾಳುವಿನ ಜೇಬಿಗೆ ಹಾಕಿರುತ್ತಾರೆ. ಗುದ್ದಿದವನು ಫೋನಿನಲ್ಲಿದ್ದೆ ಎಂದು ಹೇಳುವುದಿಲ್ಲ. "ನಾಯಿ ಅಡ್ಡ ಬಂತು ಸಾರ್" ಎನ್ನುತ್ತಾನೆ. ನನ್ನ ಸರ್ವೀಸಿನಲ್ಲಿ ಅಡ್ಡ ಬಂದ ನಾಯಿಗಳನ್ನೆಲ್ಲ ಎಣಿಸಿದರೆ ಜಿಲ್ಲೆಯಲ್ಲಿ ಮನುಷ್ಯರಿಗಿಂತ ಅವೇ ಜಾಸ್ತಿ. ದೂರಿನಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ" ಎಂಬ ಸಾಲು ಬಾಯಿಪಾಠವಾಗಿದೆ, ಬರೆಯುವವರ ಕೈ ತಾನಾಗಿ ಅದನ್ನು ಬರೆಯುತ್ತದೆ. ಹಿಂದೆ ಐಪಿಸಿ 279 ಇತ್ತು, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 281. ನಂಬರ್ ಬದಲಾಯಿತು, ಸಾಲು ಅದೇ. ಕರೆಗಳ ವಿವರವನ್ನು ಕಂಪನಿಯಿಂದ ತರಿಸಿ ಸಮಯ ತಾಳೆ ನೋಡುವ ಪುರುಸೊತ್ತು ಕಾಲು ಮುರಿದ ಕೇಸಿಗೆ ಯಾರಿಗೂ ಇರುವುದಿಲ್ಲ.

ತಾಯಿ, ನಿಮ್ಮ ಮಗನ ಕೇಸಿನಲ್ಲೂ ಟ್ರಾಕ್ಟರ್ ಎಂದೇ ಇರುತ್ತದೆ, ನೋಡಿ. ಟ್ರಾಕ್ಟರಿನವನದು ನಿಜವಾದ ತಪ್ಪೇ. ದೀಪವಿಲ್ಲದ ಟ್ರೈಲರ್ ಎಂದರೆ ಕತ್ತಲಲ್ಲಿ ಕಟ್ಟಿದ ಗೋಡೆ.

ತೆಂಗಿನಗರಿ · ಬೆಳಿಗ್ಗೆ 11:52

ಹೌದು ಸರ್. ಮೊಬೈಲಿನ ಮಾತೇ ಇಲ್ಲ. ಮಗ ಹೇಳಲು ಹೋದನಂತೆ, ಇವರು ಸುಮ್ಮನಿರು ಎಂದರಂತೆ.

ಗಿಡುಗ 22 · ಮಧ್ಯಾಹ್ನ 1:15

[ನಿರ್ವಾಹಕರು ಈ ಸಂದೇಶವನ್ನು ತೆಗೆದಿದ್ದಾರೆ]

ನಿರ್ವಾಹಕ · ಮಧ್ಯಾಹ್ನ 1:34

ಅಪಘಾತದ ವಿಡಿಯೊಗಳನ್ನು ಇಲ್ಲಿ ಹಾಕಬೇಡಿ. "ಜನ ಜಾಗೃತರಾಗಲಿ" ಎಂಬ ಸಬೂಬು ಬೇಡ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸು ಗುದ್ದಿ ಬಿದ್ದ ಹುಡುಗನೊಬ್ಬ ನೆರವು ಕೇಳುತ್ತಿದ್ದಾಗ ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರು. ಅಂಥದ್ದು ಇಲ್ಲಿ ಬೇಡ. ಚರ್ಚೆ ಮುಂದುವರಿಯಲಿ.

ಮೂರು ನಕ್ಷತ್ರ · ಮಧ್ಯಾಹ್ನ 3:02

ಊಟ ತಲುಪಿಸುವ ಕೆಲಸ ನನ್ನದು, ಬೆಂಗಳೂರಿನಲ್ಲಿ. ನಾಲ್ಕೂವರೆ ನಕ್ಷತ್ರಕ್ಕಿಂತ ಮೇಲೆ ಇದ್ದ ನನ್ನ ರೇಟಿಂಗ್ ಈಗ ಇಳಿದಿದೆ, ಹೆಸರು ಹಾಗೆ ಬಂತು.

ಎಲ್ಲರೂ ಫೋನನ್ನು ಮನರಂಜನೆ ಎಂಬಂತೆ ಬರೆಯುತ್ತಿದ್ದೀರಿ. ನನಗೆ ಅದು ಕಚೇರಿ. ಹೊಸ ಆರ್ಡರ್ ಬಂದಾಗ ಪರದೆಯ ಮೇಲೆ ಸೆಕೆಂಡುಗಳು ಎಣಿಕೆಯಾಗುತ್ತವೆ, ಅಷ್ಟರೊಳಗೆ ಒತ್ತದಿದ್ದರೆ ಬೇರೆಯವನಿಗೆ ಹೋಗುತ್ತದೆ. ಆ ಗಂಟೆ ಸಿಗ್ನಲ್‌ನಲ್ಲಿ ನಿಂತಾಗಲೇ ಬರುತ್ತದೆ ಎಂಬ ಖಾತರಿ ಇಲ್ಲ, ಮೇಲುಸೇತುವೆಯ ನಡುವೆಯೂ ಬರುತ್ತದೆ. ಅಲ್ಲಿ ಎಲ್ಲಿ ನಿಲ್ಲಿಸಲಿ? ಅದರ ಮೇಲೆ ಗ್ರಾಹಕರ ಕರೆ. "ಮ್ಯಾಪಿನಲ್ಲಿ ನೀವು ಐದು ನಿಮಿಷದಿಂದ ಅಲ್ಲೇ ನಿಂತಿದ್ದೀರಿ" ಎನ್ನುತ್ತಾರೆ. ಸಿಲ್ಕ್ ಬೋರ್ಡಿನಲ್ಲಿ ಎಲ್ಲರೂ ಅಲ್ಲೇ ನಿಂತಿರುತ್ತಾರೆ.

ಹೆಲ್ಮೆಟ್ಟಿನೊಳಗೆ ಕಿವಿಯ ಹತ್ತಿರ ಮೊಬೈಲ್ ಸಿಕ್ಕಿಸಿಕೊಂಡು ಮಾತನಾಡುವುದು ನಮ್ಮಲ್ಲಿ ಮಾಮೂಲು. ಎರಡೂ ಕೈ ಹ್ಯಾಂಡಲ್ ಮೇಲಿದೆ ಎಂಬ ಧೈರ್ಯ. ನಾನೂ ಮಾಡುತ್ತಿದ್ದೆ. ಒಂದು ದಿನ ದೊಮ್ಮಲೂರಿನ ಹತ್ತಿರ ಹಂಪು ಹಾರಿದಾಗ ಅದು ಜಾರಿ ಕೆನ್ನೆಗೆ ಬಂತು, ನಾನು ತಲೆ ವಾಲಿಸಿ ಭುಜದಿಂದ ಒಳಗೆ ತಳ್ಳಲು ನೋಡಿದೆ. ಆ ಕ್ಷಣದಲ್ಲಿ ಎಡಗಡೆಯ ಕನ್ನಡಿಯೂ ಇಲ್ಲ, ಎಡಗಡೆಯ ರಸ್ತೆಯೂ ಇಲ್ಲ. ಬಸ್ಸಿನವರು ಹಾರ್ನ್ ಮಾಡಿದ್ದಕ್ಕೆ ಉಳಿದೆ.

ಊಟ ತರಿಸುವವರಿಗೆ ಒಂದು ಕೋರಿಕೆ. ವಿಳಾಸದಲ್ಲಿ ಮನೆಯ ಗುರುತನ್ನು ಸರಿಯಾಗಿ ಬರೆಯಿರಿ. "ದೇವಸ್ಥಾನದ ಹತ್ತಿರ" ಎಂದರೆ ಬೆಂಗಳೂರಿನಲ್ಲಿ ಯಾವುದು?

ಪಾಳಿ ಸಿಸ್ಟರ್ · ಸಂಜೆ 5:40

ಮೂಳೆ ವಾರ್ಡಿನಲ್ಲಿ ನರ್ಸ್ ನಾನು. ಹೆಲ್ಮೆಟ್ಟಿನೊಳಗೆ ಮೊಬೈಲ್ ಇಡುವವರಿಗೆ ಒಂದು ಮಾತು. ಹೆಲ್ಮೆಟ್ ತಲೆಯನ್ನು ಬಿಗಿಯಾಗಿ ಹಿಡಿದಿದ್ದರೆ ಮಾತ್ರ ಹೆಲ್ಮೆಟ್. ನಡುವೆ ಒಂದು ಗಟ್ಟಿ ಗಾಜಿನ ತುಂಡು ತೂರಿಸಿದರೆ ಅದು ಸಡಿಲವಾಗುತ್ತದೆ, ಬಿದ್ದಾಗ ಆ ಗಾಜು ಕಿವಿಯ ಮೇಲೆಯೇ ಒಡೆಯುತ್ತದೆ.

ಇನ್ನೊಂದು. ಪ್ರಜ್ಞೆ ಇರುವ ಗಾಯಾಳುಗಳು ಮೊದಲು ಕೇಳುವುದು ಕಾಲಿನ ಬಗ್ಗೆಯಲ್ಲ. "ಸಿಸ್ಟರ್, ನನ್ನ ಫೋನೆಲ್ಲಿ?" ಮನೆಗೆ ತಿಳಿಸಲು ಎಂದು ನಾವು ಕೊಡುತ್ತೇವೆ. ಕಳೆದ ತಿಂಗಳು ಒಬ್ಬರು, ಒಡೆದ ಪರದೆಯನ್ನು ಹೆಬ್ಬೆರಳಿನಿಂದ ಸರಿಸುತ್ತಾ, ಅರ್ಧ ಟೈಪು ಮಾಡಿದ್ದ ಸಂದೇಶವನ್ನು ಪೂರ್ತಿ ಮಾಡಿ ಕಳಿಸಿದರು. ನಾನು ಅವರ ಪ್ಯಾಂಟನ್ನು ಕತ್ತರಿಯಿಂದ ಕತ್ತರಿಸುತ್ತಿದ್ದೆ.

ಪ್ರತಿವಾದಿ · ಸಂಜೆ 6:15

ಮಗ್ಗಿ ಪುಸ್ತಕದವರ ಲೆಕ್ಕವನ್ನು ಓದಿದೆ. ಒಂದು ಸಂಗತಿ ಒಪ್ಪಿಕೊಳ್ಳಬೇಕು. ಇವತ್ತು ಕಚೇರಿಗೆ ಹೋಗುವಾಗ ಯಶವಂತಪುರದಿಂದ ಗೊರಗುಂಟೆಪಾಳ್ಯದವರೆಗೆ ಒಂದು ಕರೆಯಲ್ಲಿದ್ದೆ. ಇಟ್ಟ ಮೇಲೆ, ದಾರಿಯಲ್ಲಿ ಏನೇನು ಕಂಡೆ ಎಂದು ಜ್ಞಾಪಿಸಿಕೊಳ್ಳಲು ನೋಡಿದೆ. ಏನೂ ಬರಲಿಲ್ಲ. ಸಿಗ್ನಲ್ ಹಸಿರಿತ್ತೋ ಕೆಂಪಿತ್ತೋ ಅದೂ ಇಲ್ಲ.

ಆದರೂ ಪೂರ್ತಿ ಬಿಡಲು ನನ್ನ ಕೆಲಸದಲ್ಲಿ ಆಗುವುದಿಲ್ಲ. ಅದು ಬೇರೆ ಮಾತು.

ಬರ್ಮಿಂಗ್‌ಹ್ಯಾಮ್ ಬಸವ · ರಾತ್ರಿ 11:48

ಊರು ತಿಪಟೂರು, ಇರುವುದು ಇಂಗ್ಲೆಂಡಿನಲ್ಲಿ. ಇಲ್ಲಿ 2003ರ ಡಿಸೆಂಬರಿನಿಂದಲೇ ಫೋನು ಕೈಯಲ್ಲಿ ಹಿಡಿಯುವಂತಿಲ್ಲ. 2017ರಲ್ಲಿ ದಂಡವನ್ನು 200 ಪೌಂಡು ಮತ್ತು ಲೈಸೆನ್ಸಿನ ಮೇಲೆ ಆರು ಅಂಕಕ್ಕೆ ಏರಿಸಿದರು. ಲೈಸೆನ್ಸ್ ಬಂದು ಎರಡು ವರ್ಷವಾಗದವರಿಗೆ ಆರು ಅಂಕ ಬಿದ್ದರೆ ಲೈಸೆನ್ಸೇ ರದ್ದು, ಮತ್ತೆ ಎಲ್ಲಾ ಪರೀಕ್ಷೆ ಬರೆಯಬೇಕು. ಕೆಂಪು ದೀಪದಲ್ಲಿ ನಿಂತಿದ್ದರೂ ಬಿಡುವುದಿಲ್ಲ. ಮೊದಲು "ನಾನು ಮಾತನಾಡುತ್ತಿರಲಿಲ್ಲ, ಫೋಟೊ ತೆಗೆಯುತ್ತಿದ್ದೆ" ಎಂದು ನುಣುಚಿಕೊಳ್ಳುವವರಿದ್ದರು, 2022ರ ಮಾರ್ಚಿನಲ್ಲಿ ಆ ಕಿಂಡಿಯನ್ನೂ ಮುಚ್ಚಿದರು. ಹಣಕ್ಕಿಂತ ಅಂಕಕ್ಕೆ ಜನ ಹೆದರುತ್ತಾರೆ, ವಿಮೆಯ ಕಂತು ಏರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಾರಿನಲ್ಲಿ ದಿನವೂ ತಿಪಟೂರಿನ ಕರೆ ಬರುತ್ತದೆ. ಅಲ್ಲಿ ಅಮ್ಮನಿಗೆ ರಾತ್ರಿ ಊಟವಾಗಿರುತ್ತದೆ, ಇಲ್ಲಿ ನಾನು ಸಂಜೆ ಕೆಲಸ ಮುಗಿಸಿ ಹೊರಟಿರುತ್ತೇನೆ. "ಕಾರಿನಲ್ಲಿದ್ದೇನೆ" ಎಂದರೆ "ಒಳ್ಳೆಯದಾಯಿತು, ಬಿಡುವಾಗಿದ್ದೀಯ" ಎನ್ನುತ್ತಾರೆ. ಅವರ ಪಾಲಿಗೆ ಕಾರಿನಲ್ಲಿ ಕೂರುವುದು ಎಂದರೆ ಕೂರುವುದು, ಕೆಲಸವಲ್ಲ. ಅಪ್ಪ ಜೀವನವಿಡೀ ಬಸ್ಸಿನಲ್ಲಿ ಓಡಾಡಿದವರು.

ಸೀಗೆಮೆಳೆ · ಮಂಗಳವಾರ, ಬೆಳಿಗ್ಗೆ 6:30

ಬಸವ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅತ್ತೆಗೂ ಹಾಗೆಯೇ.

ನಮ್ಮ ಮನೆಯ ಕ್ರಮ ಹೇಳುತ್ತೇನೆ. ಯಜಮಾನರು ಗಾಡಿ ಹತ್ತುವ ಮೊದಲು "ಹೊರಟೆ" ಎಂದು ಒಂದು ಸಂದೇಶ ಹಾಕುತ್ತಾರೆ. ತಲುಪಿದ ಮೇಲೆ "ಬಂದೆ". ನಡುವೆ ಯಾರೂ ಫೋನು ಮಾಡುವಂತಿಲ್ಲ. ಜೊತೆಗೆ ನಾನಿದ್ದರೆ ಅವರ ಫೋನು ನನ್ನ ಚೀಲದಲ್ಲಿರುತ್ತದೆ. ಗಾಡಿ ಚಲಿಸುತ್ತಿದ್ದರೆ ಸಂದೇಶ ಹಾಕಿದವರಿಗೆ ತಾನಾಗಿ ಉತ್ತರ ಕಳಿಸುವ ಏರ್ಪಾಡು ಮೊಬೈಲಿನಲ್ಲೇ ಇದೆ. ಐಫೋನಿನಲ್ಲಿ 2017ರಲ್ಲೇ ಬಂತು, ಬೇರೆ ಫೋನುಗಳಲ್ಲೂ ಹುಡುಕಿದರೆ ಸಿಗುತ್ತದೆ. ನಾವು "ಗಾಡಿಯಲ್ಲಿದ್ದೇನೆ, ಇಳಿದು ಮಾಡುತ್ತೇನೆ" ಎಂದು ಕನ್ನಡದಲ್ಲೇ ಬರೆದಿಟ್ಟಿದ್ದೇವೆ.

ಶುರುವಿನಲ್ಲಿ ಜಗಳವಾಯಿತು. "ಸೊಸೆ ಮಗನ ಜೊತೆ ಮಾತನಾಡಲೂ ಬಿಡುವುದಿಲ್ಲ" ಎಂದು ನಾದಿನಿಯವರೆಗೆ ದೂರು ಹೋಯಿತು.

ನೇರನುಡಿ · ಬೆಳಿಗ್ಗೆ 8:10

ಇಷ್ಟು ಓದಿದ ಮೇಲೂ ಹೇಳುತ್ತೇನೆ, ಜವಾಬ್ದಾರಿ ಓಡಿಸುವವನದೇ. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶೀನಗರದಲ್ಲಿ, ಕಾವಲುಗಾರನಿಲ್ಲದ ರೈಲ್ವೆ ಗೇಟಿನಲ್ಲಿ ಶಾಲಾ ವಾಹನಕ್ಕೆ ರೈಲು ಗುದ್ದಿ 13 ಮಕ್ಕಳು ಸತ್ತರು. ಚಾಲಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ ಎಂದು ಅಂದೇ ಹೇಳಲಾಯಿತು. ಅದರಲ್ಲಿ ಹಾಡಿದವನ ಪಾಲು ಎಷ್ಟು ಎಂದು ಕೇಳುತ್ತೀರಾ?

ಹದಿನಾಲ್ಕು ಚಕ್ರ · ಬೆಳಿಗ್ಗೆ 8:55

ನೇರನುಡಿಯವರೇ, ಹಾಡು ಮೂರು ಸಲ ರಿಂಗ್ ಮಾಡುವುದಿಲ್ಲ.

ಬಿಳಿ ಅಂಗಿ ನಿವೃತ್ತ · ಬೆಳಿಗ್ಗೆ 9:20

ಕುಶೀನಗರದಲ್ಲಿ ಗೇಟು ಹಾಕಲು ಮನುಷ್ಯ ಇರಲಿಲ್ಲ ಎನ್ನುವುದನ್ನೂ ಮರೆಯಬಾರದು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂಥ ಗೇಟುಗಳೆಲ್ಲ ಇಲ್ಲವಾದದ್ದು 2019ರ ಜನವರಿ ಕೊನೆಗೆ. ಮಕ್ಕಳ ಜೀವ ಉಳಿಯಬೇಕಾದರೆ ಚಾಲಕನೂ ಸರಿಯಿರಬೇಕು, ಗೇಟೂ ಇರಬೇಕು. ಟ್ರಾಕ್ಟರಿನ ದೀಪದ ಮಾತೂ ಅದೇ.

ಮೂರು ನಕ್ಷತ್ರ · ರಾತ್ರಿ 11:55

ಇವತ್ತು ಒಬ್ಬರು ಹಿರಿಯರು ಫೋನು ಮಾಡಿ, ನಾನು ಹಲೋ ಎನ್ನುವ ಮೊದಲೇ "ಗಾಡಿಯಲ್ಲಿದ್ದೀರಾ? ನಿಲ್ಲಿಸಿ ಮಾಡಿ, ಅವಸರವಿಲ್ಲ" ಎಂದು ಇಟ್ಟುಬಿಟ್ಟರು. ನಾಲ್ಕು ವರ್ಷದಲ್ಲಿ ಮೊದಲ ಸಲ. ನಿಮ್ಮಲ್ಲಿ ಯಾರಾದರೂ ಇಂದಿರಾನಗರದಲ್ಲಿ ರಾಗಿ ದೋಸೆ ತರಿಸಿದ್ದಿರಾ?

ತೆಂಗಿನಗರಿ · ಐದು ತಿಂಗಳ ನಂತರ, ಶನಿವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ತುಂಬಾ ಜನ ವಿಚಾರಿಸಿದ್ದೀರಿ, ಈಗ ಉತ್ತರಿಸುತ್ತಿದ್ದೇನೆ.

ಮಗ ಓಡಾಡುತ್ತಿದ್ದಾನೆ. ಮೆಟ್ಟಿಲು ಇಳಿಯುವಾಗ ಮಾತ್ರ ಬಲಗಾಲನ್ನು ಮೊದಲು ಇಡುತ್ತಾನೆ. ಕೆಲಸಕ್ಕೆ ಮೂರು ತಿಂಗಳು ಕಂಪನಿಯ ಬಸ್ಸಿನಲ್ಲಿ ಹೋದ, ಹತ್ತು ದಿನದಿಂದ ಮತ್ತೆ ಬೈಕು. ಬೇಡ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ಸೀಗೆಮೆಳೆಯವರ ಕ್ರಮವನ್ನೇ ನಾವೂ ಮಾಡಿಕೊಂಡೆವು. ಹೊರಡುವಾಗ "ಹೊರಟೆ" ಎಂದು ಹಾಕುತ್ತಾನೆ. ಅಲ್ಲಿಂದ ಮನೆಗೆ ನಲವತ್ತು ನಿಮಿಷ. ಆ ಹೊತ್ತು ನನ್ನ ಫೋನನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ಹಿತ್ತಲಿಗೆ ಹೋಗುತ್ತೇನೆ. ಮೊದಲ ದಿನಗಳಲ್ಲಿ ಎರಡೆರಡು ಸಲ ಒಳಗೆ ಬಂದು ನೋಡಿದ್ದುಂಟು. ಈಗ ಹೂವು ಕಟ್ಟುತ್ತೇನೆ, ಒಂದು ಮೊಳ ಆಗುವಷ್ಟರಲ್ಲಿ ಗಾಡಿಯ ಸದ್ದು ಕೇಳುತ್ತದೆ.

ನಿನ್ನೆ ಆ ನಲವತ್ತು ನಿಮಿಷದ ಒಳಗೇ ಅವನ ಫೋನು ಬಂತು. ಎತ್ತಿದೆ. ಹಿಂದೆ ಲಾರಿಗಳ ಸದ್ದು, ಗಾಳಿ. ಎದೆ ಝಲ್ಲೆಂದಿತು. "ಅಮ್ಮ" ಎನ್ನುವಷ್ಟರಲ್ಲಿ ಕಟ್ ಮಾಡಿಬಿಟ್ಟೆ. ಮತ್ತೆ ಬಂತು. ಎತ್ತಲಿಲ್ಲ.

ಕಾಲು ಗಂಟೆ ಬಿಟ್ಟು ಮನೆಗೆ ಬಂದ. ಹೆಲ್ಮೆಟ್ ತೆಗೆಯುತ್ತಾ "ಯಾಕಮ್ಮ ಇಟ್ಟುಬಿಟ್ಟೆ? ಡೇರಿ ಬೂತಿನ ಮುಂದೆ ಗಾಡಿ ನಿಲ್ಲಿಸಿಕೊಂಡೇ ಮಾಡಿದ್ದೆ, ಮೊಸರು ಬೇಕಾ ಎಂದು ಕೇಳಲು" ಎಂದ.

ಮನೆಯಲ್ಲಿ ಮೊಸರು ಇರಲಿಲ್ಲ. ಸಾರಿನಲ್ಲೇ ಊಟ ಮುಗಿಸಿದೆವು.